ಬೆರಳು ಚುಚ್ಚುವ ಮೀಟರಾ, ತೋಳಿಗೆ ಅಂಟಿಸುವ ಸೆನ್ಸರಾ?

ನಮ್ಮ ಮನೆಯಲ್ಲಿ ಶುಗರ್ ಇರುವುದು ಇಬ್ಬರಿಗೆ. ಅಮ್ಮನಿಗೆ ಇನ್ಸುಲಿನ್, ನನಗೆ ಮೆಟ್‌ಫಾರ್ಮಿನ್ ಮಾತ್ರೆ. ಗ್ಲುಕೋಮೀಟರು, ಸೆನ್ಸರು ಎರಡನ್ನೂ ಇಬ್ಬರೂ ಬಳಸಿದ್ದೇವೆ. ಅಮ್ಮನಿಗೆ ಒಂದು ಒಗ್ಗಿತು, ನನಗೆ ಇನ್ನೊಂದು.

ಮೊದಲು ಮೀಟರ್. ಆಕ್ಯು-ಚೆಕ್, ಒನ್‌ಟಚ್, ಡಾ. ಮೋರ್‌ಪೆನ್, ಯಾವುದಾದರೂ ಆಗಲಿ, ಮೀಟರಿನ ಬೆಲೆ ನೋಡಬೇಡಿ, ಪ್ರತಿ ಸಲವೂ ಹೊಸದು ಬೇಕಾಗುವ, ರಕ್ತ ಹಚ್ಚುವ ಸ್ಟ್ರಿಪ್ಪಿನ ಬೆಲೆ ನೋಡಿ. ನಿಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಅದು ಯಾವಾಗಲೂ ಸಿಗುತ್ತದೆಯೇ ಅಂತ ಕೇಳಿಕೊಳ್ಳಿ. ದುಡ್ಡು ಹೋಗುವುದೆಲ್ಲ ಅಲ್ಲೇ. ರಕ್ತ ಎಷ್ಟು ಬೇಕು ಅನ್ನುವುದೂ ಮುಖ್ಯ. ಪಾತ್ರೆ ತಿಕ್ಕಿ ತಿಕ್ಕಿ ಅಮ್ಮನ ಬೆರಳು ಒರಟಾಗಿವೆ. ಚಳಿಗಾಲದ ಬೆಳಿಗ್ಗೆ ಚುಚ್ಚಿದರೆ ಸಾಸಿವೆ ಕಾಳಿನಷ್ಟೂ ಬರುವುದಿಲ್ಲ. ಹಳೆಯ ಮೀಟರಿಗೆ 1ರಿಂದ 2 ಮೈಕ್ರೋಲೀಟರ್ ಬೇಕಾಗಿತ್ತು, ಈಗಿನದಕ್ಕೆ 0.6 ಸಾಕು. ಇದರಿಂದಲೇ ಎರಡನೇ ಸಲ ಚುಚ್ಚುವುದು ತಪ್ಪಿತು. ಬೆಚ್ಚಗಿನ ನೀರಲ್ಲಿ ಕೈ ತೊಳೆದು, ಒರೆಸಿ, ಕೈ ಸ್ವಲ್ಪ ಹೊತ್ತು ಇಳಿಬಿಟ್ಟು, ಬೆರಳ ತುದಿಯ ನಡುವಿಗಲ್ಲದೆ ಪಕ್ಕಕ್ಕೆ ಚುಚ್ಚಿದರೆ ನೋವೂ ಕಡಿಮೆ. ತೊಳೆಯುವುದು ಬರೀ ಶುಚಿಗಲ್ಲ. ಬೇಕೆಂತಲೇ ಕಿತ್ತಳೆ ಸುಲಿದ ಕೈಯಲ್ಲಿ ನೋಡಿದೆ: 212. ತೊಳೆದು ನೋಡಿದರೆ 141.

ಲ್ಯಾಬಿಗೂ ಮೀಟರಿಗೂ ಹತ್ತು ಹದಿನೈದು ಅಂಕಿ ವ್ಯತ್ಯಾಸ ಬಂದರೆ ಮೀಟರ್ ಕೆಟ್ಟಿದೆ ಅನ್ನುವವರಿದ್ದಾರೆ. ಐಎಸ್‌ಒ 15197 ಎಂಬ, ಮೀಟರುಗಳ ನಿಖರತೆಯ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ರೀಡಿಂಗಿಗೆ ಶೇ 15ರಷ್ಟು ಆಚೀಚೆ ಒಪ್ಪುತ್ತದೆ. ಲ್ಯಾಬ್ 128 ಅಂದು ಮೀಟರ್ 139 ಅಂದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಸೆನ್ಸರ್. ತೋಳಿನ ಹಿಂಭಾಗಕ್ಕೆ ಒತ್ತಿ ಅಂಟಿಸಿದರೆ ನಾವು ತಂದ ಬಗೆಯದು 14 ದಿನ ಇದ್ದು, ಶುಗರನ್ನು ಹಗಲು ರಾತ್ರಿ ಅಳೆದು ಗೆರೆಯಾಗಿ ತೋರಿಸುತ್ತದೆ. ಒಂದರ ಬೆಲೆಗೆ ಹಲವು ಡಬ್ಬಿ ಸ್ಟ್ರಿಪ್ ಬರುತ್ತವೆ, ಅದಂತೂ ನಿಜ. ಆದರೆ ಮೀಟರ್ ಎಂದೂ ತೋರಿಸದ್ದನ್ನು ಇದು ತೋರಿಸಿತು. ಇಡ್ಲಿ ತಿಂದು ಎರಡು ಗಂಟೆಗೆ ಬೆರಳು ಚುಚ್ಚಿದರೆ ನನಗೆ 160ರ ಹತ್ತಿರ ಬರುತ್ತಿತ್ತು, ಪರವಾಗಿಲ್ಲ ಅಂದುಕೊಂಡಿದ್ದೆ. ಸೆನ್ಸರಿನ ಗೆರೆ ನೋಡಿದರೆ ಒಂದು ಗಂಟೆಗೇ 230 ಮುಟ್ಟಿ ಇಳಿದಿತ್ತು. ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಅನ್ನುವ ನಮ್ಮ ಚಿಕ್ಕಪ್ಪನಿಗೂ ಗೆರೆ ತೋರಿಸಿದೆ. ದೊಡ್ಡ ಮುದ್ದೆಗೆ ದೊಡ್ಡ ಏರು, ಅರ್ಧ ಮುದ್ದೆಗೆ ಸೊಪ್ಪಿನ ಸಾರು ಜಾಸ್ತಿ ಹಾಕಿಕೊಂಡ ದಿನ ಸಾಧಾರಣ ಏರು. ಚಿಕ್ಕಪ್ಪ ಒಪ್ಪಲಿಲ್ಲ, ಅದು ಬೇರೆ ಮಾತು.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಸುಮ್ಮನಿದ್ದಾಗ ಇದು ಲೆಕ್ಕಕ್ಕಿಲ್ಲ, ಶುಗರ್ ಇಳಿದಾಗ ಲೆಕ್ಕಕ್ಕೆ ಬರುತ್ತದೆ. ಒಂದು ಸಂಜೆ ಅಮ್ಮ ಬೆವೆತು ಕೂತರು, 64. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಟ್ಟು ಹದಿನೈದು ನಿಮಿಷ ಕಾದೆವು. ಸೆನ್ಸರ್ ಇನ್ನೂ 66 ಅನ್ನುತ್ತಿತ್ತು, ಬೆರಳು 88 ಅಂದಿತು. ಸೆನ್ಸರನ್ನೇ ನಂಬಿ ಮತ್ತೆ ಸಕ್ಕರೆ ಕೊಟ್ಟಿದ್ದರೆ ರಾತ್ರಿಗೆ 250 ದಾಟುತ್ತಿತ್ತೇನೋ. ಅಂಟಿಸಿದ ತೋಳಿನ ಮೇಲೆ ಮಲಗಿದರೂ ಸುಳ್ಳೇ ಕಡಿಮೆ ತೋರಿಸುತ್ತದೆ. ಮಗ್ಗುಲು ಬದಲಿಸಿದರೆ ಸರಿಹೋಗುತ್ತದೆ.

ಇಷ್ಟಾದರೂ ಅಮ್ಮನಿಗೆ ಸೆನ್ಸರೇ ಬೇಕು ಅನ್ನುತ್ತೇನೆ, ಅದೂ ಅಲಾರಂ ಇರುವಂಥದ್ದು. ಕೆಲವು ಹಳೆಯ ಮಾದರಿಗಳು ಫೋನ್ ತಾಗಿಸಿದರೆ ಮಾತ್ರ ಹೇಳುತ್ತವೆ. ಮಧ್ಯರಾತ್ರಿ ಶುಗರ್ ಇಳಿದರೆ ಯಾರು ತಾಗಿಸುತ್ತಾರೆ? ನನ್ನಂಥ ಮಾತ್ರೆಯವರಿಗೆ ದಿನನಿತ್ಯಕ್ಕೆ ಮೀಟರ್ ಧಾರಾಳವಾಯಿತು. ಮಾತ್ರೆಯ ಡೋಸ್ ಬದಲಾದಾಗ ಒಂದು ಸೆನ್ಸರ್ ಹಾಕಿಸಿ ಆ ಗೆರೆಯನ್ನು ಡಾಕ್ಟರಿಗೆ ತೋರಿಸುತ್ತೇನೆ. ಮೂರು ತಿಂಗಳಿನ ಸರಾಸರಿ ಶುಗರ್ ತಿಳಿಸುವ ಎಚ್‌ಬಿಎ1ಸಿಗೆ ಮಾತ್ರ ಇಬ್ಬರೂ ಲ್ಯಾಬಿಗೆ ಹೋಗುತ್ತೇವೆ. ಅಮ್ಮನ ಸೆನ್ಸರ್ ಇದ್ದಾಗಲೂ ಸ್ಟ್ರಿಪ್ ಡಬ್ಬಿ ಮನೆಯಲ್ಲಿರುತ್ತದೆ, ಮುಚ್ಚಳ ಬಿಗಿಯಾಗಿ ಹಾಕಿ. ಮಳೆಗಾಲದ ತೇವ ಸ್ಟ್ರಿಪ್ಪಿಗೆ ಆಗಿಬರುವುದಿಲ್ಲ.