ದೂರದ ಬೆಟ್ಟ ಸರಿ, ಹತ್ತಿರದ ಕೆರೆ ತಪ್ಪು

ಫೋನಿನ ಕ್ಯಾಮೆರಾವನ್ನು ಬೆಟ್ಟದತ್ತ ಹಿಡಿದರೆ ಅದರ ಹೆಸರು, ಎತ್ತರ, ದೂರಗಳನ್ನು ಪರದೆಯ ಮೇಲೆಯೇ ತೋರಿಸುವ ಆಗ್ಮೆಂಟೆಡ್ ರಿಯಾಲಿಟಿ ಆ್ಯಪ್ ಒಂದನ್ನು ಎರಡು ಮಳೆಗಾಲಗಳಿಂದ ಕಾಸರಗೋಡಿನ ಸುತ್ತಮುತ್ತ ಬಳಸುತ್ತಿದ್ದೇನೆ. ಕೋಟೆ, ದೇವಸ್ಥಾನ, ಕೆರೆಗಳಂತಹ ಹತ್ತಿರದ ಸ್ಥಳಗಳಿಗೂ ಅದು ಹೆಸರಿನ ಪಟ್ಟಿ ಅಂಟಿಸುತ್ತದೆ. ಮೊದಲ ಕೆಲಸ ಮೆಚ್ಚುವಂತಿದೆ. ಎರಡನೆಯದರಲ್ಲಿ ಅದು ಪದೇ ಪದೇ ಎಡವುತ್ತದೆ.

ಆ್ಯಪಿನ ನಿಜವಾದ ಬೆಲೆ ತಿಳಿಯಬೇಕಾದರೆ ಧರ್ಮತ್ತಡ್ಕದ ಸಮೀಪದ ಪೊಸಡಿಗುಂಪೆಯನ್ನು ಹತ್ತಬೇಕು. ಸಾವಿರ ಅಡಿಗಿಂತ ತುಸು ಹೆಚ್ಚು ಎತ್ತರದ ಆ ಗುಡ್ಡೆಯಿಂದ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಘಟ್ಟದ ಸಾಲು ಕಾಣುತ್ತವೆ. ಮಳೆ ತೊಳೆದುಹೋದ ಬೆಳಗ್ಗೆ ಫೋನ್ ಎತ್ತಿದರೆ, ಭೂಮಟ್ಟದ ಎತ್ತರದ ದತ್ತಾಂಶದಿಂದ ಲೆಕ್ಕ ಹಾಕಿದ ಬಿಳಿ ಗೆರೆಯೊಂದು ಪರದೆಯ ಮೇಲೆ ಬೆಟ್ಟಗಳ ಅಂಚಿನಂತೆಯೇ ಏರಿಳಿಯುತ್ತದೆ. ಮೊದಲಿಗೆ ಆ ಗೆರೆ ನಿಜವಾದ ಅಂಚಿನಿಂದ ಬೆರಳಗಲ ಪಕ್ಕಕ್ಕೆ ಸರಿದಿರುತ್ತದೆ. ಬೆರಳಿನಿಂದ ಎಳೆದು ಒಂದು ಕೋಡನ್ನು ಹೊಂದಿಸಿದರೆ ಸಾಕು, 50 ಕಿ.ಮೀ.ಗಿಂತಲೂ ಆಚೆ ಇರುವ ಕುದುರೆಮುಖದವರೆಗೆ ಎಲ್ಲ ಹೆಸರುಗಳೂ ತಮ್ಮ ತಮ್ಮ ಶಿಖರದ ಮೇಲೆ ಬಂದು ಕೂರುತ್ತವೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಇದಕ್ಕೆ ನೆಟ್‌ವರ್ಕ್ ಕೂಡ ಬೇಕಾಗುವುದಿಲ್ಲ. ನಮ್ಮ ಗುಡ್ಡೆಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಬೇಕಲ ಕೋಟೆಯೊಳಗೆ ಇದೇ ಆ್ಯಪ್ ಬೇರೆಯೇ ಆಗಿಬಿಡುತ್ತದೆ. ಕೆಳದಿಯ ಶಿವಪ್ಪ ನಾಯಕನ ಕಾಲದ, ಸುಮಾರು 40 ಎಕರೆ ವಿಸ್ತಾರದ ಆ ಕೋಟೆಯಲ್ಲಿ ಮೆಟ್ಟಿಲುಗಳಿರುವ ಕೆರೆಯ ಎದುರು ನಿಂತರೆ, ಕೆರೆಯ ಹೆಸರಿನ ಪಟ್ಟಿ ಪಕ್ಕದ ಹುಲ್ಲಿನ ಮೇಲೆ ತೇಲುತ್ತಿರುತ್ತದೆ. ನಾಲ್ಕು ಹೆಜ್ಜೆ ನಡೆದರೆ ವೀಕ್ಷಣಾ ಗೋಪುರದ ಕಡೆಗೆ ಜಿಗಿಯುತ್ತದೆ. ಇದಕ್ಕೆ ಕಾರಣ ಸರಳವಾದ ಕೋನದ ಲೆಕ್ಕ. ತೆರೆದ ಆಕಾಶದ ಕೆಳಗೂ ಫೋನಿನ ಜಿಪಿಎಸ್ 5 ಮೀಟರಿನಷ್ಟು ತಪ್ಪುವುದು ಸಾಮಾನ್ಯ. 50 ಕಿ.ಮೀ. ದೂರದ ಶಿಖರಕ್ಕೆ ಆ ತಪ್ಪು ಲೆಕ್ಕಕ್ಕೇ ಇಲ್ಲ, ಆದರೆ 20 ಮೀಟರ್ ದೂರದ ವಸ್ತುವಿನ ದಿಕ್ಕನ್ನು ಅದು ಸುಮಾರು 14 ಡಿಗ್ರಿಯಷ್ಟು ತಿರುಗಿಸಬಲ್ಲದು. ದಿಕ್ಸೂಚಿಯ ತಪ್ಪು ಇದಕ್ಕೆ ತದ್ವಿರುದ್ಧ: 5 ಡಿಗ್ರಿ ತಪ್ಪಿದರೆ 50 ಕಿ.ಮೀ. ಆಚೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ವ್ಯತ್ಯಾಸವಾಗುತ್ತದೆ. ಆದರೆ ಅಲ್ಲಿ ಬೆಟ್ಟದ ಅಂಚನ್ನು ನೋಡಿ ಸರಿಪಡಿಸಿಕೊಳ್ಳಬಹುದು. ಕೋಟೆಯೊಳಗೆ ಹಾಗೆ ಹೊಂದಿಸಿ ನೋಡಲು ಗೆರೆಯೇ ಇಲ್ಲ.

ಬೀದಿಯ ಚಿತ್ರಗಳೊಂದಿಗೆ ಕ್ಯಾಮೆರಾದ ನೋಟವನ್ನು ಹೋಲಿಸಿ ಸ್ಥಾನ ಗುರುತಿಸುವ ತಂತ್ರ ಈಗ ಬಂದಿದೆ. ಗೂಗಲ್ ಅದನ್ನು 2022ರ ಮೇ ತಿಂಗಳಲ್ಲಿ ಆ್ಯಪ್ ತಯಾರಕರಿಗೆ ತೆರೆದಿಟ್ಟಿತು. ಅದೇ ವರ್ಷದ ಜುಲೈಯಲ್ಲಿ ಭಾರತದ ಹತ್ತು ನಗರಗಳಿಗೆ ಗೂಗಲ್‌ನ ಬೀದಿ ಚಿತ್ರಗಳ ಸೇವೆಯಾದ ಸ್ಟ್ರೀಟ್ ವ್ಯೂ ಮರಳಿ ಬಂದಾಗ ಬೆಂಗಳೂರು, ಚೆನ್ನೈಗಳಿದ್ದವು, ಕಾಸರಗೋಡು ಇರಲಿಲ್ಲ. ಇಂತಹ ಚಿತ್ರಗಳಿಲ್ಲದ ಕಡೆ ಆ್ಯಪಿಗೆ ಜಿಪಿಎಸ್ ಮತ್ತು ದಿಕ್ಸೂಚಿಯೇ ಗತಿ. ಆದ್ದರಿಂದ ದೊಡ್ಡ ನಗರದವರು ಕೊಟ್ಟ ಐದು ನಕ್ಷತ್ರಗಳನ್ನು ನಂಬಿ ಗಡಿನಾಡಿನವರು ಖರೀದಿಗೆ ಮುಂದಾಗಬಾರದು.

ದಿಕ್ಸೂಚಿ ಹಟ ಹಿಡಿದರೆ ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ತಿರುಗಿಸಬೇಕು. ಅಯಸ್ಕಾಂತದ ಗುಂಡಿಯಿರುವ ಕವರನ್ನು ಕಳಚಿ, ಬೈಕಿಗೆ ಒರಗಿ ನಿಲ್ಲದೆ ನೋಡಬೇಕು. ಕ್ಯಾಮೆರಾ, ಜಿಪಿಎಸ್, ಪರದೆ ಮೂರೂ ಒಟ್ಟಿಗೆ ದುಡಿಯುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಪರದೆ ಕಾಣುವುದೂ ಇಲ್ಲ. ಬೇಕಲದ ಬುರುಜುಗಳ ಅಂಚಿನಲ್ಲಿ ಪರದೆ ನೋಡುತ್ತಾ ಹೆಜ್ಜೆ ಇಡುವವರನ್ನು ಕಂಡರೆ ನನಗಂತೂ ಎದೆ ಝಲ್ಲೆನ್ನುತ್ತದೆ.

ಬೆಟ್ಟಗಳ ಭಾಗಕ್ಕೆ ಈ ವರ್ಷವೂ ಚಂದಾ ಕಟ್ಟಿದ್ದೇನೆ. ಸ್ಮಾರಕಗಳಿಗಾಗಿ ಬೇರೆಯಾಗಿ ಹಣ ಕೇಳುವ ಭಾಗವನ್ನು ನಿಲ್ಲಿಸಿದ್ದೇನೆ. ಕೋಟೆಯೊಳಗೆ ನೆಟ್ಟಿರುವ ಫಲಕಗಳು ಜಾಗ ಬದಲಿಸುವುದಿಲ್ಲ, ಚಾರ್ಜನ್ನೂ ಕೇಳುವುದಿಲ್ಲ.