ಚಾರ್ಟರ್ ಕಂಪನಿಯಲ್ಲಿ ಪೈಲಟ್ ಕೆಲಸ ಅಂತ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿ ಮನೆಯಲ್ಲಿ ಕೂತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. "ಕೋ-ಪೈಲಟ್ ಪೋಸ್ಟ್ ಖಾಲಿ ಇದೆ, ಟೈಪ್ ರೇಟಿಂಗ್ (ಅಂದರೆ ಅವರ ಮಾದರಿಯ ವಿಮಾನದ ತರಬೇತಿ) ಖರ್ಚು ಮಾತ್ರ ನಿಮ್ಮದು" ಅಂತ ವಿಮಾನ ಬಾಡಿಗೆಗೆ ಓಡಿಸುವ ಯಾವುದಾದರೂ ಸಣ್ಣ ಚಾರ್ಟರ್ ಕಂಪನಿಯಿಂದ ಫೋನ್ ಬಂದರೆ ದಯವಿಟ್ಟು ಒಂದು ರೂಪಾಯಿಯನ್ನೂ ಕಳಿಸಬೇಡಿ. ವಿಮಾನವನ್ನು ಕಣ್ಣಾರೆ ನೋಡುವ ತನಕ ಕಳಿಸಬೇಡಿ. ನೋಡಿದ ಮೇಲೂ ಅದು ಹಾರುತ್ತದಾ ಅಂತ ಖಾತ್ರಿ ಆಗುವ ತನಕ ಕಳಿಸಬೇಡಿ. ನಮ್ಮ ಮನೆಯಿಂದ 20 ಲಕ್ಷ ಹೋಗಿದೆ. ಎಲ್ಲರ ಮುಂದೆ ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೆ ಇದೇ ಜನ ಈಗಲೂ ಬೇರೆಯವರಿಗೆ ಫೋನ್ ಮಾಡುತ್ತಿದ್ದಾರೆ, ಹಾಗಾಗಿ ಸುಮ್ನೆ ಕೂರೋಕೆ ಆಗಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಸ್ವಲ್ಪ ಗದ್ದೆ. 2023ರ ಫೆಬ್ರವರಿ 27ಕ್ಕೆ ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂದು ಇಳಿಯಿತು. 3,200 ಮೀಟರ್ ರನ್‌ವೇ, ಕಮಲದ ಆಕಾರದ ಟರ್ಮಿನಲ್, ಎಲ್ಲರಿಗೂ ಹೆಮ್ಮೆ. ಅಲ್ಲಿಂದ ಮುಂದೆ ನಾನು ಯಾವ ಮದುವೆ ಮನೆಗೆ ಹೋದರೂ ಒಂದೇ ಪ್ರಶ್ನೆ. "ಎಂತ ಮಾರಾಯ, ಸೋಗಾನೆಗೆ ನೀನು ವಿಮಾನ ತರೋದು ಯಾವಾಗ?" ಜನರ ಲೆಕ್ಕದಲ್ಲಿ ಲೈಸೆನ್ಸ್ ಸಿಕ್ಕಿದರೆ ಕೆಲಸ ಸಿಕ್ಕ ಹಾಗೇ.

ಹಾಗಿಲ್ಲ. 200 ಗಂಟೆ ಹಾರಿಸಿ, ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್ ಅಂತ ಪರೀಕ್ಷೆ ಪಾಸ್ ಮಾಡಿದರೆ ಸಿಪಿಎಲ್ ಬರುತ್ತದೆ. ಅದರಲ್ಲಿ ಹೆಚ್ಚಿನ ಗಂಟೆ ಸೆಸ್ನಾದಂಥ ಸಣ್ಣ ವಿಮಾನದ್ದು. ಕಂಪನಿಯ ವಿಮಾನ ಹಾರಿಸಬೇಕು ಅಂದರೆ ಆ ಮಾದರಿಗೇ ಬೇರೆ ತರಬೇತಿ, ಅದೇ ಟೈಪ್ ರೇಟಿಂಗ್. ಅದಕ್ಕೆ ಮತ್ತೆ ಲಕ್ಷಗಟ್ಟಲೆ. ಕೆಲಸ ಇಲ್ಲದೆ ಕೂತರೂ ಖರ್ಚು ನಿಲ್ಲಲ್ಲ. ಕ್ಲಾಸ್ 1 ಮೆಡಿಕಲ್ ವರ್ಷಕ್ಕೊಮ್ಮೆ, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿಕೊಂಡು ಹಾರಿಸುವ ಅರ್ಹತೆ) ವರ್ಷಕ್ಕೊಮ್ಮೆ. ದಿನ ಹೋದ ಹಾಗೆ ಕೈಯಲ್ಲಿರುವ ಲೈಸೆನ್ಸ್ ಹಳತಾಗುತ್ತಾ ಹೋಗುತ್ತದೆ. ನಮ್ಮ ಈ ಅವಸರ ಇಂಥ ಕಂಪನಿಯವರಿಗೆ ಚೆನ್ನಾಗಿ ಗೊತ್ತು.

ಇಂಟರ್‌ವ್ಯೂ ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ. ಬಂದವರು ಒಬ್ಬ ಕ್ಯಾಪ್ಟನ್, ಕೂದಲು ಬೆಳ್ಳಗಾದವರು, ಮಾತು ಬಹಳ ನಯ. ಜೊತೆಗೆ ಒಬ್ಬ ಎಚ್ಆರ್ ಮೇಡಂ. ಕಂಪನಿಯ ಬೇಸ್ ಉತ್ತರ ಭಾರತದ ಒಂದು ಊರಿನಲ್ಲಿ. ವಿಮಾನ ಕಿಂಗ್ ಏರ್ ಬಿ200. ಎರಡು ಟರ್ಬೊಪ್ರಾಪ್ ಇಂಜಿನ್, ಚಾರ್ಟರ್‌ನವರಿಗೆ ತುಂಬಾ ಬಳಕೆಯ ವಿಮಾನ. ಟೈಪ್ ರೇಟಿಂಗ್‌ಗೆ 16 ಲಕ್ಷ, ಸೆಕ್ಯುರಿಟಿ ಡೆಪಾಸಿಟ್ 4 ಲಕ್ಷ, ಮೂರು ವರ್ಷದ ಬಾಂಡ್, ತಾರೀಕು ಹಾಕದೆ ಸಹಿ ಮಾಡಿದ ಚೆಕ್ಕುಗಳು.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ "ವಿಚಾರಿಸಬೇಕಿತ್ತಪ್ಪ" ಅಂತ ಬುದ್ಧಿ ಹೇಳುವವರು ಊರು ತುಂಬಾ ಇದ್ದಾರೆ. ವಿಚಾರಿಸಿದ್ದೇನೆ. ಎಷ್ಟು ವಿಮಾನ ಅಂದೆ, ಮೂರು ಅಂದರು. ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆ ಡಿಜಿಸಿಎ ವೆಬ್‌ಸೈಟ್‌ನಲ್ಲಿ ನಾನ್-ಶೆಡ್ಯೂಲ್ಡ್ (ಅಂದರೆ ಚಾರ್ಟರ್‌ನಂಥ) ಆಪರೇಟರ್‌ಗಳ ಪಟ್ಟಿ ಇರುತ್ತದೆ, ತೆಗೆದು ನೋಡಿದೆ. ಕಂಪನಿ ಇತ್ತು. ಪರ್ಮಿಟ್ ಚಾಲ್ತಿಯಲ್ಲಿತ್ತು. ವಿಟಿ ಅಂತ ಶುರುವಾಗುವ ಮೂರು ನೋಂದಣಿ ಸಂಖ್ಯೆಗಳೂ ಇದ್ದವು. ಇನ್ನೇನು ನೋಡಬೇಕು? ಪಟ್ಟಿಯಲ್ಲಿ ಹೆಸರಿರುವ ವಿಮಾನ ಹಾರುವ ಸ್ಥಿತಿಯಲ್ಲಿ ಇರಲೇಬೇಕು ಅಂತೇನೂ ಇಲ್ಲ ಅನ್ನೋದನ್ನು ನನಗೆ ಯಾರೂ ಹೇಳಲಿಲ್ಲ.

ದುಡ್ಡು ಹಾಕಬೇಕಾದ ಖಾತೆ ಬೇರೊಂದು ಹೆಸರಿನಲ್ಲಿತ್ತು. ಅದನ್ನೂ ಕೇಳಿದೆ. "ಅದು ನಮ್ಮದೇ ಗ್ರೂಪ್ ಕಂಪನಿ, ತರಬೇತಿ ಎಲ್ಲ ಅದರಲ್ಲೇ" ಅಂದರು ಮೇಡಂ. ರಸೀದಿಯಲ್ಲಿ ಬಂದಿದ್ದು "ಕನ್ಸಲ್ಟೆನ್ಸಿ ಚಾರ್ಜಸ್" ಅಂತ. ತರಬೇತಿ ಅನ್ನುವ ಪದವೇ ಇಲ್ಲ. ಬದಲಾಯಿಸಿ ಕೊಡಿ ಅಂದರೆ "ಅಕೌಂಟ್ಸ್‌ನವರು ಮಾಡ್ತಾರೆ". ಇವತ್ತಿನವರೆಗೂ ಮಾಡಿಲ್ಲ.

ಅಪ್ಪಯ್ಯ ರೇಟು ಬರಲಿ ಅಂತ ಕಟ್ಟಿಟ್ಟುಕೊಂಡಿದ್ದ ಅಡಿಕೆಯನ್ನು ಮಂಡಿಗೆ ಹಾಕಿದರು. ಎಲೆಚುಕ್ಕಿ ರೋಗ ಬಂದು ತೋಟ ಅರ್ಧಕ್ಕರ್ಧ ಕೆಂಪಾಗಿದ್ದ ಹೊತ್ತು. ಉಳಿದದ್ದಕ್ಕೆ ಸೊಸೈಟಿ ಸಾಲ. ಇದರ ಬಗ್ಗೆ ಜಾಸ್ತಿ ಬರೆಯೋಕೆ ಆಗಲ್ಲ ನನಗೆ.

ಹೋಗಿ ಸೇರಿಕೊಂಡೆ. ಯೂನಿಫಾರಂ ಕೊಟ್ಟರು, ಹೆಗಲಿಗೆ ಪಟ್ಟಿ, ಕುತ್ತಿಗೆಗೆ ಕಂಪನಿ ಹೆಸರಿನ ಐಡಿ ಕಾರ್ಡು. ಬಾಡಿಗೆ ಫ್ಲ್ಯಾಟಿನ ಹಾಲ್‌ನಲ್ಲಿ ಗ್ರೌಂಡ್ ಕ್ಲಾಸ್. ಒಬ್ಬರು ಬಂದು ಪಿಡಿಎಫ್ ಓದಿ ಹೋಗುತ್ತಿದ್ದರು. ಸಿಮ್ಯುಲೇಟರ್ ವಿದೇಶದಲ್ಲಿ, ಸ್ಲಾಟ್ ಸಿಗಬೇಕು. ಸಿಮ್ಯುಲೇಟರ್ ಮುಗಿದ ಮೇಲೆ ನಿಜವಾದ ವಿಮಾನದಲ್ಲಿ ಟೇಕಾಫ್, ಲ್ಯಾಂಡಿಂಗ್, ಎಕ್ಸಾಮಿನರ್ ಚೆಕ್, ಆಮೇಲೆ ಆ ವಿಮಾನ ಹಾರಿಸಬಹುದು ಅಂತ ಲೈಸೆನ್ಸ್ ಮೇಲೆ ಎಂಡಾರ್ಸ್‌ಮೆಂಟ್. ಹೀಗೆ ಬರೆದು ಕೊಟ್ಟಿದ್ದರು. ಸ್ಲಾಟ್ ಸಿಗಲೇ ಇಲ್ಲ. "ಮುಂದಿನ ವಾರ ಕನ್ಫರ್ಮ್." ಮುಂದಿನ ವಾರ ಕೇಳಿದರೆ "ಮುಂದಿನ ವಾರ ಕನ್ಫರ್ಮ್."

ಅಲ್ಲಿಯ ತನಕ "ಆಪರೇಷನ್ಸ್ ಕಲಿತುಕೊಳ್ಳಿ" ಅಂತ ಆಫೀಸಿನಲ್ಲಿ ಕೂರಿಸಿದರು. ಹವಾಮಾನದ ವರದಿ ಪ್ರಿಂಟ್ ತೆಗೆಯುವುದು, ಇಂಧನದ ಬೌಸರ್‌ನವರಿಗೆ ಫೋನ್ ಮಾಡುವುದು, ಗಿರಾಕಿಗಳ ಊಟ ತರಿಸುವುದು. ಸಂಬಳ ಇಲ್ಲ, ಅದು ಎಂಡಾರ್ಸ್‌ಮೆಂಟ್ ಆದ ಮೇಲಂತೆ. ಹಾರುತ್ತಿದ್ದದ್ದು ಒಂದೇ ವಿಮಾನ, ಅದೂ ಆಗೊಮ್ಮೆ ಈಗೊಮ್ಮೆ. ಉಳಿದ ಎರಡು ಹ್ಯಾಂಗರ್‌ನಲ್ಲಿ "ಮೇಂಟೆನೆನ್ಸ್‌ನಲ್ಲಿವೆ". ನೋಡುತ್ತೇನೆ ಅಂದರೆ "ನಿಮಗಿನ್ನೂ ಏರ್‌ಪೋರ್ಟ್ ಎಂಟ್ರಿ ಪಾಸ್ ಆಗಿಲ್ಲ". ಪಾಸ್ ಇಲ್ಲದೆ ಒಳಗೆ ಬಿಡಲ್ಲ, ಅದು ನಿಜ. ನಿಜವನ್ನೇ ಹಿಡಿದುಕೊಂಡು ಆಟ ಆಡಿಸಿದರು ನೋಡಿ. ಒಂದು ಬೆಳಿಗ್ಗೆ ಅದೇ ಯೂನಿಫಾರಂ ಹಾಕಿಕೊಂಡು, ಕೈಯಲ್ಲಿ ಯಾರದೋ ತಿಂಡಿ ಪಾರ್ಸೆಲ್ ಹಿಡಿದುಕೊಂಡು, ಕಾರ್ಗೋ ಗೇಟಿನ ಹೊರಗೆ ನಿಂತಿದ್ದೆ. ಸಾಂಬಾರು ಸೋರಿ ಬಿಳಿ ಅಂಗಿಯ ತೋಳಿಗೆ ಮೆತ್ತಿತ್ತು. ಸೆಕ್ಯುರಿಟಿಯವರು ನನ್ನ ಹೆಗಲ ಪಟ್ಟಿ ನೋಡಿದರು, ಪಾರ್ಸೆಲ್ ನೋಡಿದರು, ನಕ್ಕರು.

ಪಾಸ್‌ಗೆ ಪೊಲೀಸ್ ವೆರಿಫಿಕೇಶನ್ ಬೇಕು. ಊರಿನ ಮನೆಗೆ ಪೊಲೀಸರು ಬಂದು ಹೋದರು. ಅಮ್ಮ ಅವರಿಗೆ ಕಾಫಿ ಕೊಟ್ಟು, "ಮಗನಿಗೆ ವಿಮಾನದ ಕೆಲಸ ಆಯ್ತು" ಅಂದರಂತೆ. ಕೇರಿಗೆಲ್ಲ ಸುದ್ದಿ.

ಕೊನೆಗೆ ಪಾಸ್ ಬಂತು. ಅವತ್ತೇ ಹ್ಯಾಂಗರ್‌ಗೆ ಹೋದೆ.

ಮೂಲೆಯಲ್ಲಿ ನಿಂತಿತ್ತು. ಕಿಂಗ್ ಏರ್ ಹೌದು, ಅದೇ ನೋಂದಣಿ ಸಂಖ್ಯೆ ಹೌದು. ಎಡಗಡೆಯ ಇಂಜಿನ್‌ಗೆ ಕೆಂಪು ಕವರ್ ಹಾಕಿದ್ದರು. ಸುತ್ತಿ ಬಲಗಡೆಗೆ ಹೋದರೆ ಇಂಜಿನ್ನೇ ಇಲ್ಲ. ಪ್ರೊಪೆಲ್ಲರ್ ಇಲ್ಲ. ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹೊಡೆದಿದ್ದರು. ಟೇಪ್ ಒಣಗಿ ಎದ್ದಿತ್ತು. ಟೈರು ತಗ್ಗಿ ನೆಲಕ್ಕೆ ಅಂಟಿತ್ತು. ರೆಕ್ಕೆಯ ಮೇಲೆ ಪಾರಿವಾಳದ ಹಿಕ್ಕೆ, ಒಂದು ದಿನದ್ದಲ್ಲ. ನಾನು ಎಷ್ಟು ಹೊತ್ತು ನಿಂತೆನೋ. ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಹಿರಿಯ ಇಂಜಿನಿಯರ್ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನ ಐಡಿ ಕಾರ್ಡು ನೋಡಿ ಹಿಂದಿಯಲ್ಲಿ ಕೇಳಿದರು: "ನೀವು ಎಷ್ಟನೇ ಬ್ಯಾಚು?"

ಎಷ್ಟನೇ ಬ್ಯಾಚು! ಅಂದರೆ ನನಗಿಂತ ಮುಂಚೆ ಬ್ಯಾಚುಗಳು ಬಂದು ಹೋಗಿವೆ. ಎಲ್ಲರೂ ಇದೇ ಜಾಗದಲ್ಲಿ ನಿಂತು ಇದೇ ಪ್ಲಾಸ್ಟಿಕ್ ನೋಡಿದ್ದಾರೆ. ಉಳಿದದ್ದನ್ನೂ ಅವರೇ ಹೇಳಿದರು. ಆ ಬಲಗಡೆಯ ಇಂಜಿನ್ ಬಾಡಿಗೆಯದಂತೆ, ಇಂಜಿನ್ನಿನ ಯಜಮಾನರು ಬಿಚ್ಚಿಕೊಂಡು ಹೋದರಂತೆ. ವಿಮಾನದ ಸ್ವಂತ ಇಂಜಿನ್ 3,600 ಗಂಟೆ ಮುಗಿಸಿ ಓವರ್‌ಹಾಲ್‌ಗೆ ಬಂದಿತ್ತು, ಅಷ್ಟು ದುಡ್ಡು ಯಾರೂ ಹಾಕಲಿಲ್ಲ. ವರ್ಷಾವರ್ಷ ಆಗಬೇಕಾದ ಏರ್‌ವರ್ದಿನೆಸ್ ರಿವ್ಯೂ ಸರ್ಟಿಫಿಕೇಟ್, ಎಲ್ಲರೂ ಎಆರ್‌ಸಿ ಅನ್ನೋದು, ಅದರ ಅವಧಿ ಯಾವತ್ತೋ ಮುಗಿದಿತ್ತು. ಎಆರ್‌ಸಿ ಇಲ್ಲದ ವಿಮಾನ ಹಾರಿಸುವ ಹಾಗಿಲ್ಲ. ಮೂರನೇ ವಿಮಾನ ಎಲ್ಲಿ ಅಂದರೆ ಅವರು ಸುಮ್ನೆ ನಕ್ಕರು. ಮಂಡಿಯಲ್ಲಿ ಚೀಲದ ಬಾಯಿಗೆ ಒಳ್ಳೆಯ ರಾಶಿ ಇಡಿ ಅಡಿಕೆ ತೋರಿಸಿ ಅಡಿಗೆಲ್ಲ ಕಡಿಮೆ ದರ್ಜೆಯ ಗೊರಬಲು ತುಂಬುತ್ತಾರಲ್ಲ, ಅಂಥ ಕೆಲಸ.

ಇನ್ನು ಅವರ ಉತ್ತರಗಳು. ಇದನ್ನು ಓದಿದರೆ ಬೇರೆ ಏನೂ ಬೇಡ.

ಕ್ಯಾಪ್ಟನ್ ಸಾಹೇಬರಿಗೆ ವಿಮಾನದ ಫೋಟೋ ಕಳಿಸಿ ಕೇಳಿದೆ. ಮೊದಲ ಉತ್ತರ: "ಹ್ಯಾಂಗರ್‌ನಲ್ಲಿ ಫೋಟೋ ತೆಗೆಯೋದು ಭದ್ರತಾ ನಿಯಮದ ಉಲ್ಲಂಘನೆ." ಇಂಜಿನ್ ಎಲ್ಲಿ ಸಾರ್ ಅಂದರೆ: "ಬೇಟಾ, ಏವಿಯೇಶನ್‌ನಲ್ಲಿ ತಾಳ್ಮೆ ಬೇಕು. ನಾನು ಕೋ-ಪೈಲಟ್ ಆಗೋಕೆ ವರ್ಷಗಟ್ಟಲೆ ಕಾದಿದ್ದೇನೆ." ಹಾಗಾದರೆ ದುಡ್ಡು ವಾಪಸ್ ಕೊಡಿ ಅಂದರೆ: "ದುಡ್ಡಿನ ಮಾತು ನನ್ನ ಹತ್ರ ಬೇಡ, ನಾನು ಪೈಲಟ್." ಇಂಟರ್‌ವ್ಯೂ ದಿನ ದುಡ್ಡಿನ ಮಾತು ಆಡಿದ್ದು ಇವರೇ ಅಲ್ವಾ? ಮೇಡಂ ಉತ್ತರ: "ನಿಮ್ಮಲ್ಲಿ ಪ್ಯಾಶನ್ ಕಾಣ್ತಾ ಇಲ್ಲ. ಬೇರೆ ಟ್ರೈನಿಗಳು ಯಾರೂ ಹೀಗೆ ಕೇಳಿಲ್ಲ." ಸುಳ್ಳು. ಕೇಳಿದ್ದಾರೆ. ಅವರಲ್ಲಿ ಇಬ್ಬರ ಜೊತೆ ಆಮೇಲೆ ಮಾತಾಡಿದೆ, ಇದೇ ಸಾಲುಗಳನ್ನು ಅವರಿಗೂ ಕಳಿಸಿದ್ದರು. ಅಕ್ಷರಕ್ಕೆ ಅಕ್ಷರ ಅದೇ.

ಒಂದು ದಿನ ಅಪ್ಪಯ್ಯನೇ ಫೋನ್ ಮಾಡಿದರು. ಅವರಿಗೆ ಹಿಂದಿ ಬರಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. "ಸಾರ್, ಹುಡುಗನ ಕೆಲಸ ಎಂತ ಆಯ್ತು?" ಅಂತ ಕನ್ನಡದಲ್ಲೇ ಕೇಳಿದರು. ಆ ಕಡೆಯಿಂದ ಹಿಂದಿಯಲ್ಲಿ ಏನೋ ಹೇಳಿ ಇಟ್ಟುಬಿಟ್ಟರು. ಬೆಂಗಳೂರಿಗೆ ಬಂದಾಗ "ನಮಸ್ಕಾರ, ಚೆನ್ನಾಗಿದ್ದೀರಾ" ಅಂತ ಕನ್ನಡದಲ್ಲಿ ಅಪ್ಪಯ್ಯನ ಕೈ ಕುಲುಕಿದ ಮನುಷ್ಯ.

ಬಿಡ್ತೀನಿ ಅಂದ ಮೇಲೆ ಹೆದರಿಸಲು ಶುರು ಮಾಡಿದರು. ಬಾಂಡ್ ಪ್ರಕಾರ ನೀವೇ ದುಡ್ಡು ಕೊಡಬೇಕು. ಚೆಕ್ ಬ್ಯಾಂಕಿಗೆ ಹಾಕುತ್ತೇವೆ, ಬೌನ್ಸ್ ಆದರೆ 138ನೇ ಸೆಕ್ಷನ್ ಕೇಸು. ಕೋ-ಪೈಲಟ್ ಆರು ತಿಂಗಳ ನೋಟಿಸ್ ಕೊಡಬೇಕು ಅಂತ ಡಿಜಿಸಿಎ ನಿಯಮ ಇದೆ, ನಮ್ಮ ಎನ್ಒಸಿ ಇಲ್ಲದೆ ಎಲ್ಲಿಗೂ ಸೇರೋಕಾಗಲ್ಲ. 2017ರಲ್ಲಿ ಡಿಜಿಸಿಎ ಕಮಾಂಡರ್‌ಗಳಿಗೆ ಒಂದು ವರ್ಷ, ಕೋ-ಪೈಲಟ್‌ಗಳಿಗೆ ಆರು ತಿಂಗಳು ಅಂತ ಮಾಡಿದ್ದು ನಿಜ. ಆದರೆ ಶಿವಮೊಗ್ಗದಲ್ಲಿ ನಾವು ಹಿಡಿದ ವಕೀಲರು ಕೇಳಿದ ಮೊದಲ ಪ್ರಶ್ನೆ, "ನಿಮ್ಮನ್ನು ಅವರು ಕೋ-ಪೈಲಟ್ ಮಾಡಿದ್ದಾರಾ?" ಇಲ್ಲ. ಎಂಡಾರ್ಸ್‌ಮೆಂಟ್ ಇಲ್ಲ, ಸಂಬಳ ಇಲ್ಲ, ಒಂದು ನಿಮಿಷ ಹಾರಿಸಿಲ್ಲ. "ಮತ್ತೆ ಯಾವ ನೋಟಿಸ್?" ಅಂದರು.

ನೀವು ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಪ್ರತಿ ವಿಮಾನದ ಚಾಲ್ತಿ ಎಆರ್‌ಸಿ ಪ್ರತಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ಕಳೆದ ಸಲ ಇವರಲ್ಲಿ ಎಂಡಾರ್ಸ್ ಆದ ಕೋ-ಪೈಲಟ್‌ನ ನಂಬರ್ ಕೇಳಿ, ನೀವೇ ಮಾತಾಡಿ. ತರಬೇತಿ ದುಡ್ಡನ್ನು ಡಿಜಿಸಿಎ ಒಪ್ಪಿಗೆ ಇರುವ ತರಬೇತಿ ಸಂಸ್ಥೆಗೆ ನೇರವಾಗಿ ಕಟ್ಟಿ, ಕಂಪನಿಯ ಭಾವಮೈದುನನ ಖಾತೆಗೆ ಅಲ್ಲ. ತಾರೀಕಿಲ್ಲದ ಚೆಕ್ಕು ಯಾರಿಗೂ ಬೇಡ, ದೇವರೇ ಬಂದು ಕೇಳಿದರೂ ಬೇಡ. ಮತ್ತೆ, ನಿಮ್ಮನ್ನು ಬೇಟಾ ಅಂತ ಕರೆಯುವ ಕ್ಯಾಪ್ಟನ್ನರಿಂದ ದೂರ ಇರಿ.

ಲೀಗಲ್ ನೋಟಿಸ್ ಹೋಗಿದೆ. ಅದಕ್ಕೆ ಬಂದ ಉತ್ತರದಲ್ಲಿ, ನಾನು ಕೊಟ್ಟ ದುಡ್ಡು "ವೃತ್ತಿ ಸಲಹೆಗೆ ಕೊಟ್ಟ ಶುಲ್ಕ", ಸಲಹೆ ಕೊಟ್ಟಾಗಿದೆ ಅಂತ ಬರೆದಿದ್ದಾರೆ. ಆ ರಸೀದಿ ಯಾಕೆ ಹಾಗಿತ್ತು ಅಂತ ಈಗ ಗೊತ್ತಾಯ್ತಲ್ಲ. ಅಷ್ಟರಲ್ಲಿ ನನ್ನ ಇನ್‌ಸ್ಟ್ರುಮೆಂಟ್ ರೇಟಿಂಗ್ ಅವಧಿಯೂ ಮುಗಿದಿದೆ, ಅದಕ್ಕೆ ಮತ್ತೆ ದುಡ್ಡು ಹೊಂದಿಸಬೇಕು.

ಕಂಪನಿಯ ಹೆಸರು ಇಲ್ಲಿ ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ, ಹಾಗಾಗಿ ಹಾಕಿಲ್ಲ. ಇದೇ ತರಹ ಹೋಟೆಲ್ ಇಂಟರ್‌ವ್ಯೂ, ಬಿ200, "ಕನ್ಸಲ್ಟೆನ್ಸಿ" ಅಂತ ಬರೆದ ರಸೀದಿ ಯಾರಿಗಾದರೂ ಸಿಕ್ಕಿದ್ದರೆ ನನಗೆ ಮೆಸೇಜ್ ಮಾಡಿ. ನಾವು ಈಗ ಮೂವರಿದ್ದೇವೆ. ಜಾಸ್ತಿ ಜನ ಒಟ್ಟಿಗೆ ದೂರು ಕೊಟ್ಟರೆ ಕೇಸು ಗಟ್ಟಿ ಆಗುತ್ತದಂತೆ. ರಸೀದಿ, ವಾಟ್ಸಾಪ್ ಮಾತು, ಚೆಕ್ ನಂಬರ್ ಏನಿದ್ದರೂ ಅಳಿಸಬೇಡಿ, ಹಾಗೇ ಇಟ್ಟುಕೊಳ್ಳಿ.