ಹಳೇ ಪೆಟ್ರೋಲ್ ಪಂಪ್ ಕೊಳ್ಳೋದಾದ್ರೆ ಯಾವುದು: ತೋಟದ್ದಾ, ಗುಜರಿಯದ್ದಾ, ಪೇಂಟ್ ಮಾಡಿದ್ದಾ, ನಕಲಾ?

ಕೊಡಗಿನಲ್ಲಿ ಹಳೇ ಪೆಟ್ರೋಲ್ ಪಂಪ್ ಹುಡುಕುವವರು ಈಗ ಜಾಸ್ತಿಯಾಗಿದ್ದಾರೆ. ಹೋಮ್‌ಸ್ಟೇ ಮುಂದೆ ನಿಲ್ಲಿಸಲು ಕೆಲವರಿಗೆ ಬೇಕು, ಹಳೇ ಜೀಪು ಬುಲೆಟ್ಟುಗಳ ಪಕ್ಕದಲ್ಲಿ ಇರಲಿ ಅಂತ ಇನ್ನು ಕೆಲವರಿಗೆ. ಎಲ್ಲರೂ ಮೊದಲು ಕೇಳುವುದು "ಎಷ್ಟು ಕೊಡಬಹುದು?" ಅಂತ. ಯಾವುದಕ್ಕೆ ಅಂತ ಗೊತ್ತಾಗದೆ ಅದಕ್ಕೆ ಉತ್ತರ ಇಲ್ಲ. ಹೊಸಬರ ಕೈಗೆ ಸಿಗುವುದು ನಾಲ್ಕು ಥರದ್ದು. ಮೂರನ್ನು ನಾನೇ ಕೊಂಡಿದ್ದೇನೆ. ನಾಲ್ಕನೆಯದನ್ನು ನಮ್ಮ ಭಾವ ತಂದರು, ಅದರ ರಿಪೇರಿ ಎಲ್ಲ ನನ್ನ ಕೈಯಲ್ಲೇ ಆಗಿದೆ. ನನ್ನ ಆಯ್ಕೆ ಗುಜರಿಯಲ್ಲಿ ಬಿದ್ದಿರುವ, ತುಕ್ಕು ಹಿಡಿದ, ಆದರೆ ಒಳಗಿನ ಅಳತೆಯ ಸಾಮಾನು ಪೂರ್ತಿ ಇರುವ ಪಂಪು. ಹೊರಗಿನ ತಗಡು ಹೋಗಿದ್ದರೂ ಪರವಾಗಿಲ್ಲ.

ತೋಟದ ಪಂಪಿನದು ಬೇಗ ಮುಗಿಯುತ್ತದೆ. ದೊಡ್ಡ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಂಜಿನ್ನಿಗೆ, ಜೀಪಿಗೆ ಅಂತ ಡ್ರಮ್ಮಿನಲ್ಲಿ ಡೀಸೆಲ್, ಸೀಮೆಎಣ್ಣೆ ಇಟ್ಟಿರುತ್ತಿದ್ದರು. ಅದನ್ನು ಎತ್ತಲು ಕೈಪಂಪು. ಹಿಡಿ ಹಿಂದೆ ಮುಂದೆ ಆಡಿಸುವ ಥರದ್ದು, ಬೀಡು ಕಬ್ಬಿಣದ ದುಂಡು ಮೈ, ಒಳಗೆ ಹಿತ್ತಾಳೆಯ ವಾಲ್ವು. ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ಸ್ಟೋರ್ ಖಾಲಿ ಮಾಡುವಾಗ ಲೆಕ್ಕ ನೋಡುವ ರೈಟರ್ ಕರೆದು, "ಸಾರ್, ಇದು ನಿಮಗೆ ಬೇಕಾ ನೋಡಿ, ಇಲ್ಲಾಂದ್ರೆ ತೂಕಕ್ಕೆ ಹಾಕ್ತೇವೆ" ಅಂದರು. ಎರಡು ಸಾವಿರಕ್ಕೆ ಬಂತು. ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ವಾಷರ್ ಬದಲಾಯಿಸಿದ ಮೇಲೆ ಈಗಲೂ ನೀರು ಎತ್ತುತ್ತದೆ. ಗಟ್ಟಿ ವಸ್ತು, ನನಗೆ ಇಷ್ಟ. ಆದರೆ ಇದೇ ಥರದ ಪಂಪು ಇವತ್ತಿಗೂ ಹೊಸದಾಗಿ ಅಂಗಡಿಯಲ್ಲಿ ಸಿಗುತ್ತದೆ, ಹಾಗಾಗಿ ಹಳೆಯದು ಅನ್ನೋ ಒಂದೇ ಕಾರಣಕ್ಕೆ ಬೆಲೆ ಏರುವುದಿಲ್ಲ. ಮೂರು ಸಾವಿರದ ಮೇಲೆ ಯಾರಾದರೂ ಕೇಳಿದರೆ ಬಿಟ್ಟು ಬನ್ನಿ. ಮೈಮೇಲೆ ಕಂಪನಿ ಹೆಸರು ಎರಕದಲ್ಲೇ ಎದ್ದು ಕಾಣುತ್ತಿದ್ದರೆ ಮಾತ್ರ ಸ್ವಲ್ಪ ಹೆಚ್ಚು ಕೊಡಬಹುದು.

ಎರಡನೆಯದು ಬಂಕಿನಿಂದ ಹೊರಬಿದ್ದ ಮೀಟರ್ ಪಂಪು. ಎಲೆಕ್ಟ್ರಾನಿಕ್ ಡಿಸ್‌ಪ್ಲೇ ಬರುವ ಮುಂಚೆ ನಮ್ಮ ಬಂಕುಗಳಲ್ಲಿ ಇದ್ದದ್ದು, ಅಂಕಿಯ ಚಕ್ರಗಳು ಟಕ ಟಕ ಅಂತ ತಿರುಗುತ್ತಿದ್ದವಲ್ಲ, ಅದೇ. ಎಲ್ ಅಂಡ್ ಟಿ, ಮಿಡ್ಕೊ, ಇನ್ನೂ ಹಳೆಯದಾದರೆ ಇಂಗ್ಲೆಂಡಿನ ಏವರಿ ಹಾರ್ಡಾಲ್ ಕಂಪನಿ ಮಾಡಿದ್ದು. ಇದರ ಜೀವ ಇರುವುದು ಮೂರು ಕಡೆ. ಕೆಳಗೆ ಮೋಟಾರು ಮತ್ತು ಪಂಪು, ನಡುವೆ ಪಿಸ್ಟನ್ ಇರುವ ಮೀಟರು, ಮೇಲೆ ಲೀಟರನ್ನೂ ದುಡ್ಡನ್ನೂ ಒಟ್ಟಿಗೆ ತೋರಿಸುವ ಕೌಂಟರ್. ಮೀಟರಿನಿಂದ ಕೌಂಟರಿಗೆ ಒಂದು ಸಣ್ಣ ಸರಳು ನೆಟ್ಟಗೆ ಮೇಲೆ ಹೋಗುತ್ತದೆ. ಪೆಟ್ರೋಲು ಹರಿದಷ್ಟು ಮೀಟರು ತಿರುಗುತ್ತದೆ, ಮೀಟರು ತಿರುಗಿದಷ್ಟು ಸರಳು ತಿರುಗುತ್ತದೆ, ಲೀಟರಿನ ದರಕ್ಕೆ ತಕ್ಕಂತೆ ಹಲ್ಲು ಜೋಡಿಸಿದ ಗೇರುಗಳು ದುಡ್ಡಿನ ಚಕ್ರವನ್ನು ಓಡಿಸುತ್ತವೆ. ಒಂದು ತುಣುಕು ಎಲೆಕ್ಟ್ರಾನಿಕ್ಸ್ ಇಲ್ಲದೆ ಇದು ಗುಣಾಕಾರ ಮಾಡುತ್ತದೆ. ಅಮೆರಿಕದ ವೀಡರ್ ರೂಟ್ ಕಂಪನಿಯ ಇಂಥ ಕೌಂಟರುಗಳು 1930ರ ದಶಕದಿಂದ ಪಂಪುಗಳಿಗೆ ಬಂದವು.

ಗುಜರಿಯಲ್ಲಿ ನೋಡುವಾಗ ಪೇಂಟು ನೋಡಬೇಡಿ, ಪಕ್ಕದ ಬಾಗಿಲು ತೆಗೆಸಿ. ಗುಜರಿಯವರು ಮೊದಲು ಬಿಚ್ಚಿ ಮಾರುವುದು ಮೋಟಾರಿನ ತಾಮ್ರ ಮತ್ತು ಮೀಟರಿನ ಹಿತ್ತಾಳೆ. ಆಮೇಲೆ ಉಳಿಯುವುದು ಖಾಲಿ ಡಬ್ಬಿ. ಕುಶಾಲನಗರದ ಹತ್ತಿರ ನನಗೆ ಸಿಕ್ಕಿದ ಪಂಪಿನಲ್ಲಿ ಮೋಟಾರು ಹೋಗಿತ್ತು, ಮೀಟರು ಇತ್ತು. ಆ ಸರಳನ್ನು ಬೆರಳಲ್ಲಿ ಹಿಡಿದು ತಿರುಗಿಸಿದೆ. ಮೊದಲು ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು, ಅವರ ಹತ್ತಿರ ಟೀ ಕುಡಿದು, ಮತ್ತೆ ತಿರುಗಿಸಿದಾಗ ಪೈಸೆ ಚಕ್ರ ನಿಧಾನಕ್ಕೆ ಹೊರಳಿತು, ಒಂಬತ್ತು ದಾಟುವಾಗ ಪಕ್ಕದ ಚಕ್ರವನ್ನು ಒಂದು ಮನೆ ಮುಂದಕ್ಕೆ ತಳ್ಳಿತು. ಪಕ್ಕದ ಹಿಡಿ ತಿರುಗಿಸಿದರೆ ಎಲ್ಲ ಅಂಕಿಯೂ ಸೊನ್ನೆಗೆ ಬಂದು ಕೂತವು. ಅಲ್ಲಿಗೆ ಕೊಳ್ಳುವುದು ಖಾತ್ರಿಯಾಯಿತು. ಕೌಂಟರ್ ಪೂರ್ತಿ ಹಿಡಿದುಕೊಂಡಿದ್ದರೂ ಕೊಳ್ಳಬಹುದು, ಚಕ್ರದ ಅಂಕಿ ಅಳಿಸಿದ್ದರೆ ಅಥವಾ ಗೇರಿನ ಹಲ್ಲು ಮುರಿದಿದ್ದರೆ ಬೇಡ. ಅದನ್ನು ಲೇತಿನಲ್ಲಿ ಮಾಡಿಸುವುದಕ್ಕೆ ಪಂಪಿಗಿಂತ ಹೆಚ್ಚು ಖರ್ಚಾಗುತ್ತದೆ.

ಅದು ಎಷ್ಟು ಹಳೆಯದು ಅಂತ ಮಾರುವವರು ಹೇಳಿದ್ದನ್ನು ನಂಬಬೇಕಾಗಿಲ್ಲ. "ಅಣ್ಣಾ, ಬ್ರಿಟಿಷರ ಕಾಲದ್ದು" ಅಂತ ನನಗೂ ಹೇಳಿದ್ದರು. ದರದ ಅಂಕಿಯಲ್ಲಿ ಪೈಸೆ ಇತ್ತು, ಆಣೆ ಇರಲಿಲ್ಲ. ನಮ್ಮಲ್ಲಿ ರೂಪಾಯಿಗೆ ನೂರು ಪೈಸೆ ಆದದ್ದು 1957ರ ಏಪ್ರಿಲ್ 1ರಿಂದ. ಅಳತೆಯೂ ಲೀಟರಿನಲ್ಲಿತ್ತು, ಗ್ಯಾಲನ್ ಅಲ್ಲ. ಮೆಟ್ರಿಕ್ ಅಳತೆಯ ಕಾನೂನು ಬಂದದ್ದೇ 1956ರಲ್ಲಿ. ಅಂದ ಮೇಲೆ ಬ್ರಿಟಿಷರ ಮಾತೆಲ್ಲಿ? ಇನ್ನೊಂದು ಗುರುತು, ಲೀಟರಿನ ದರ ಹಾಕುವ ಜಾಗದಲ್ಲಿ ರೂಪಾಯಿಗೆ ಒಂದೇ ಚಕ್ರ ಇದ್ದರೆ ಆ ಕೌಂಟರು ಲೀಟರಿಗೆ ಹತ್ತು ರೂಪಾಯಿಯೊಳಗಿದ್ದ ಕಾಲದ್ದು. ತಂತಿಗೆ ಒತ್ತಿದ ಸೀಸದ ಸೀಲು ಉಳಿದಿದ್ದರೆ ದಯವಿಟ್ಟು ಕತ್ತರಿಸಬೇಡಿ. ಅದು ತೂಕ ಮತ್ತು ಅಳತೆ ಇಲಾಖೆಯದು, ಪಂಪು ಕೊನೆಗೆ ಪಾಸಾದ ಕಾಲದ ಸಾಕ್ಷಿ. ಸೀಲು ಹಾಗೇ ಇರುವ ಪಂಪಿಗೆ ನಾನಂತೂ ಒಂದೆರಡು ಸಾವಿರ ಜಾಸ್ತಿ ಕೊಡುತ್ತೇನೆ.

ಪೆಟ್ರೋಲ್ ಕಂಪನಿಯ ಹೆಸರಿಂದಲೂ ಕಾಲ ಸಿಗುತ್ತದೆ. ಎಸ್ಸೊ 1974ರಲ್ಲಿ ಸರ್ಕಾರದ ಕೈಗೆ ಹೋಗಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು, ಬರ್ಮಾ ಶೆಲ್ 1976ರಲ್ಲಿ ಹೋಗಿ ಮುಂದೆ ಭಾರತ್ ಪೆಟ್ರೋಲಿಯಂ ಆಯಿತು. ಹಾಗಾಗಿ ತುಕ್ಕಿನ ಅಡಿಯಲ್ಲಿ ಹಳೇ ಬಣ್ಣದ ಪದರ ಕಂಡರೆ ಕೆರೆದು ನೋಡುವುದಕ್ಕೆ ಅರ್ಥ ಇದೆ. ಕೆರೆಯುವಾಗ ಮಾಸ್ಕ್ ಹಾಕಿ, ಒದ್ದೆ ಮಾಡಿ ಕೆರೆಯಿರಿ. ಹಳೇ ಪೇಂಟಿನಲ್ಲಿ ಸೀಸ ಇರುತ್ತದೆ, ಪೈಪಿನೊಳಗಿನ ಕೊಳೆಯಲ್ಲೂ ಇರಬಹುದು. ದೇಶದಲ್ಲಿ ಸೀಸ ಹಾಕಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಪೈಪು, ಮೀಟರು ಪೂರ್ತಿ ಬಿಚ್ಚಿ, ತೊಳೆದು, ಒಣಗಿಸುವವರೆಗೆ ಗ್ಯಾಸ್ ಕಟಿಂಗ್, ವೆಲ್ಡಿಂಗ್ ಹತ್ತಿರವೂ ಸುಳಿಯಬಾರದು. ವರ್ಷಗಟ್ಟಲೆ ಖಾಲಿ ಇದ್ದ ಪಂಪಿನಲ್ಲೂ ಆವಿ ಉಳಿದಿರುತ್ತದೆ.

ಬೆಲೆ ಕಟ್ಟುವ ನನ್ನ ಲೆಕ್ಕ ತಳದಿಂದ ಶುರುವಾಗುತ್ತದೆ. ಮೊದಲು ತೂಕ. ಇಂಥ ಪಂಪು 150 ಕಿಲೋ ಅಂತ ಇಟ್ಟುಕೊಳ್ಳಿ, ಗುಜರಿ ಕಬ್ಬಿಣ ಕಿಲೋಗೆ 30 ರೂಪಾಯಿ ಅಂದರೆ 4,500. ಇದಕ್ಕಿಂತ ಕಡಿಮೆಗೆ ಗುಜರಿಯವರು ಕೊಡುವುದಿಲ್ಲ, ಕೊಡಬೇಕು ಅಂತ ಕೇಳುವುದೂ ಸರಿಯಲ್ಲ. ತಿರುಗುವ ಕೌಂಟರಿಗೆ 8,000 ಸೇರಿಸುತ್ತೇನೆ. ಮೀಟರು ಇದ್ದರೆ 4,000. ಕಂಪನಿಯ ಲೋಹದ ಪ್ಲೇಟು, ಪೆಟ್ರೋಲು ಹಾಕುವ ಒರಿಜಿನಲ್ ಗನ್ನು, ಒಡೆಯದ ಡಯಲ್ ಗಾಜು, ಈ ಮೂರೂ ಸೇರಿ 5,000. ಅಲ್ಲಿಗೆ 21,500. ಇದರಿಂದ ಟಿಂಕರಿಂಗ್ ಖರ್ಚನ್ನು ಕಳೆಯುವುದಿಲ್ಲ, ಯಾಕೆಂದರೆ ತಗಡು ಹೋಗಿರುತ್ತದೆ ಅನ್ನುವುದು ಮೊದಲೇ ಗೊತ್ತಿರುವ ಮಾತು. ಬಾಗಿಲೇ ಇಲ್ಲದಿದ್ದರೆ ಮಾತ್ರ 2,000 ಇಳಿಸುತ್ತೇನೆ. ಕುಶಾಲನಗರದ ಗುಜರಿಯವರು 45,000 ಕೇಳಿದರು, ನಾನು ಲೆಕ್ಕ ಬಿಡಿಸಿ ಹೇಳಿದೆ, 22,000ಕ್ಕೆ ಮುಗಿಯಿತು. ಪಿಕ್‌ಅಪ್ ಬಾಡಿಗೆ, ಹಮಾಲಿ ಬೇರೆ. ವಿರಾಜಪೇಟೆಯ ಟಿಂಕರಿಂಗ್ ಶೆಡ್ಡಿನಲ್ಲಿ ಬುಡದ ತಗಡು ಕತ್ತರಿಸಿ ಹೊಸದು ಕೂರಿಸಿ, ಪ್ರೈಮರ್, ಪೇಂಟು ಎಲ್ಲ ಸೇರಿ ಇನ್ನೊಂದು 18,000 ಆಯಿತು.

ಆನ್‌ಲೈನಿನಲ್ಲಿ ಲಕ್ಷ, ಎರಡು ಲಕ್ಷ ಅಂತ ಹಾಕಿರುವುದನ್ನು ನೋಡಿ ಬೆಲೆ ಕಟ್ಟಬೇಡಿ. ಅದು ಕೇಳುವ ಬೆಲೆ, ಮಾರಿದ ಬೆಲೆ ಅಲ್ಲ. ಒಂದೇ ಪಂಪು ತಿಂಗಳುಗಟ್ಟಲೆ ಅಲ್ಲೇ ಇದ್ದರೆ ಆ ಬೆಲೆಗೆ ಗಿರಾಕಿ ಇಲ್ಲ ಅಂತಲೇ ಅರ್ಥ, ಅಲ್ವಾ?

ಮೂರನೆಯದು ರೆಡಿ ಮಾಡಿ, ಹೊಳೆಯುವ ಪೇಂಟು ಹೊಡೆದು ಮಾರುವ ಪಂಪು. ನಾನು ಬೆಂಗಳೂರಿನ ಒಂದು ಅಂಗಡಿಯಿಂದ 85,000ಕ್ಕೆ ತಂದೆ. ಅದರ ಡಯಲ್ ಗ್ಯಾಲನ್ನಿನದು, ಅಂಥದ್ದು ಗುಜರಿಯಲ್ಲಿ ಸಿಗುವುದು ಕಷ್ಟ, ಅದಕ್ಕಾಗಿಯೇ ಕೊಟ್ಟೆ. ಹಳೇ ಇಂಗ್ಲಿಷ್ ಪಂಪಿನ ಗ್ಯಾಲನ್ ಅಂದರೆ 4.546 ಲೀಟರ್, ಅಮೆರಿಕದ್ದಾದರೆ 3.785. ನೋಡಲು ತುಂಬಾ ಚಂದ. ಆದರೆ ಜೇಬಿನಲ್ಲಿದ್ದ ಮ್ಯಾಗ್ನೆಟ್ ಹಿಡಿದರೆ ಬುಡದ ಕಡೆ ಅಂಟಲಿಲ್ಲ. ಅಲ್ಲಿ ತಗಡಿಗಿಂತ ಪುಟ್ಟಿ ಜಾಸ್ತಿ. ಅದನ್ನು ತೋರಿಸಿಯೇ ಹತ್ತು ಸಾವಿರ ಇಳಿಸಿಕೊಂಡದ್ದು. ಬೆಂಗಳೂರಿನ ಹವೆಗೆ ಅದು ಹತ್ತು ವರ್ಷ ಬರುತ್ತಿತ್ತೇನೋ. ಇಲ್ಲಿಯ ಮಳೆಗೆ ಒಂದೇ ಮಳೆಗಾಲದಲ್ಲಿ ಪುಟ್ಟಿಯ ಅಡಿಯಿಂದ ಗುಳ್ಳೆ ಎದ್ದಿತು, ಜೂನಿನಲ್ಲಿ ನಯವಾಗಿದ್ದ ಬಣ್ಣ ಸೆಪ್ಟೆಂಬರ್ ಹೊತ್ತಿಗೆ ಸಿಪ್ಪೆಯ ಹಾಗೆ ಏಳುತ್ತಿತ್ತು. ಪೂರ್ತಿ ಕೆರೆದು, ತಗಡು ಹಾಕಿಸಿ, ಮತ್ತೆ ಬಣ್ಣ ಹೊಡೆಸಬೇಕಾಯಿತು. ಅಂದರೆ ಇನ್ನೊಬ್ಬರ ಕೆಲಸಕ್ಕೆ ದುಡ್ಡು ಕೊಟ್ಟು, ಅದೇ ಕೆಲಸಕ್ಕೆ ನಮ್ಮೂರಲ್ಲಿ ಮತ್ತೆ ಕೊಟ್ಟ ಹಾಗೆ. ಒಳಗೆ ಸರಳೂ ಇರಲಿಲ್ಲ, ಕೌಂಟರ್ ಸುಮ್ನೆ ಬೋಲ್ಟ್ ಹಾಕಿ ನಿಲ್ಲಿಸಿದ್ದು. ಡಯಲ್ ಮೇಲಿನ ಪ್ರೀತಿ ಇಲ್ಲದಿದ್ದರೆ ಹೊಸಬರು ಈ ಥರದ್ದಕ್ಕೆ ಕೈ ಹಾಕುವುದು ಬೇಡ.

ಈ ಅಂಗಡಿಗಳಲ್ಲಿ ಪಂಪಿನ ತಲೆಯ ಮೇಲೆ ಕೂರುವ, ಕಂಪನಿ ಗುರುತಿನ ಗಾಜಿನ ದೀಪದ ಬುರುಡೆಗೆ, ಅಂದರೆ ಗ್ಲೋಬಿಗೆ, ಬೇರೆ ದುಡ್ಡು ಕೇಳುತ್ತಾರೆ. ಶೆಲ್ ಚಿಪ್ಪಿನ ಆಕಾರದ ಬಿಳಿ ಗ್ಲೋಬಿನ ನಕಲು ಬೇಕಾದಷ್ಟು ಇವೆ. ಬುಡ ತಿರುಗಿಸಿ ನೋಡಿ. ಇಂಗ್ಲೆಂಡಿನ ಎಷ್ಟೋ ಅಸಲಿ ಗ್ಲೋಬುಗಳ ಕೆಳ ಅಂಚಿನಲ್ಲಿ ಇದು ಶೆಲ್ ಮೆಕ್ಸ್ ಅಂಡ್ ಬಿ.ಪಿ. ಕಂಪನಿಯ ಸ್ವತ್ತು, ಕೇಳಿದಾಗ ವಾಪಸ್ ಕೊಡಬೇಕು ಅಂತ ಬರೆದಿರುತ್ತದೆ. ಹೊಸ ನಕಲಿನಲ್ಲೂ ಅದನ್ನು ಅಚ್ಚು ಹಾಕುವವರಿದ್ದಾರೆ, ಹಾಗಾಗಿ ಬರಹ ಒಂದನ್ನೇ ನಂಬದೆ ಗಾಜಿನ ದಪ್ಪ, ಅಂಚಿನ ಸವೆತ ನೋಡಿ. ಪ್ಲಾಸ್ಟಿಕ್ ಆದರೆ ಉಗುರಿನಿಂದ ತಟ್ಟಿದರೇ ಗೊತ್ತಾಗುತ್ತದೆ.

ನಾಲ್ಕನೆಯದು ಹೊಸದಾಗಿ ತಗಡಿನಲ್ಲಿ ಮಾಡಿದ ನಕಲು, ಭಾವನ ಹೋಮ್‌ಸ್ಟೇಗೆ ಬಂದದ್ದು. 24,000. ಮಾರಿದವರು ನಕಲು ಅಂತಲೇ ಹೇಳಿ ಮಾರಿದ್ದು, ಅದರಲ್ಲಿ ಮೋಸ ಇಲ್ಲ. ಹಗುರ, ಇಬ್ಬರು ಎತ್ತಬಹುದು, ಒಳಗೆ ಬಲ್ಬು ಹಾಕಿ ಕಪಾಟಿನ ಥರ ಮಾಡಿದ್ದಾರೆ, ಬಂದವರೆಲ್ಲ ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋಗೆ ಅಂತಾದರೆ ಇದೇ ಸಾಕು, ಇನ್ನೂ ಕಡಿಮೆಗೂ ಸಿಗುತ್ತದೆ. ಸಂಗ್ರಹಕ್ಕೆ ಅಂತಾದರೆ ಅದೇ ದುಡ್ಡಿಗೆ ಗುಜರಿಯಲ್ಲಿ ನಿಜವಾದ ಕೌಂಟರ್ ಇರುವ ಪಂಪು ಬರುತ್ತದೆ. ನಕಲನ್ನು ತಿರುಗಿ ಮಾರಲು ಹೋದರೆ ಅರ್ಧವೂ ಸಿಗುವುದಿಲ್ಲ, ಹೊಸದೇ ಸಿಗುವಾಗ ಹಳೇ ನಕಲು ಯಾರಿಗೆ ಬೇಕು?

ಅಮೆರಿಕದ ಉದ್ದನೆಯ ಪಂಪು, ತಲೆಯ ಮೇಲೆ ಗಾಜಿನ ಸಿಲಿಂಡರ್ ಇರುವುದು, ಅದನ್ನು ತರಿಸಬಹುದಾ ಅಂತಲೂ ಕೇಳುತ್ತಾರೆ. ಕೈಯಿಂದ ಹಿಡಿ ಎಳೆದು ಗಾಜಿನೊಳಗೆ ಪೆಟ್ರೋಲು ತುಂಬಿಸಿ, ಗ್ಯಾಲನ್ ಗುರುತು ನೋಡಿ, ಅದರ ಭಾರಕ್ಕೇ ಕಾರಿಗೆ ಇಳಿಸುವ ವ್ಯವಸ್ಥೆ. ಗಿರಾಕಿ ತನ್ನ ಪೆಟ್ರೋಲನ್ನು ಕಣ್ಣಾರೆ ನೋಡಬಹುದಿತ್ತು. 1920ರ ದಶಕದ ವೇಯ್ನ್, ಟೋಕೈಮ್, ಬೌಸರ್ ಪಂಪುಗಳನ್ನು ಚಿತ್ರದಲ್ಲಿ ನೋಡಿದರೆ ಸಾಕು ಆಸೆ ಹುಟ್ಟುತ್ತದೆ, ನನಗೂ ಇದೆ. ಬೌಸರ್ ಅಂತೂ 1885ರಲ್ಲಿ ಫೋರ್ಟ್ ವೇಯ್ನ್ ಊರಿನ ಕಿರಾಣಿ ಅಂಗಡಿಗೆ ಸೀಮೆಎಣ್ಣೆ ಪಂಪು ಮಾರಿ ಶುರು ಮಾಡಿದವರು. ಆದರೆ ಹಡಗಿನ ಬಾಡಿಗೆ, ಕಸ್ಟಮ್ಸ್, ದಾರಿಯಲ್ಲಿ ಗಾಜಿಗೆ ಏನಾಗುತ್ತದೋ ಅನ್ನುವ ಭಯ, ಇಷ್ಟೆಲ್ಲ ಮೊದಲನೇ ಪಂಪಿಗೆ ಬೇಡ.

ಕೊಡಗಿನಲ್ಲೇ ಹುಡುಕುವವರಿಗೆ ಒಂದು ಮಾತು. ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ಮುಂಚೆ ತೋಟದವರು ಸ್ಟೋರ್ ಖಾಲಿ ಮಾಡುತ್ತಾರೆ, ಚೀಲಕ್ಕೆ ಜಾಗ ಬೇಕಲ್ಲ. ಆಗ ಸುಂಟಿಕೊಪ್ಪ, ಗೋಣಿಕೊಪ್ಪ, ಸೋಮವಾರಪೇಟೆಯ ಗುಜರಿಗಳಲ್ಲಿ ಒಂದು ಸುತ್ತು ಹಾಕಿ, ನಂಬರ್ ಕೊಟ್ಟು ಬನ್ನಿ. "ಪಂಪ್ ಬಂದರೆ ಬಿಚ್ಚೋ ಮುಂಚೆ ಫೋನ್ ಮಾಡಿ, ತೂಕದ ಬೆಲೆಗಿಂತ ಜಾಸ್ತಿ ಕೊಡ್ತೀನಿ" ಅಂತ ಹೇಳಿಟ್ಟರೆ ಮೀಟರು ಉಳಿಯುತ್ತದೆ. ತಂದ ಮೇಲೆ ನೆಲಕ್ಕೆ ತಾಗದಂತೆ ಅರ್ಧ ಅಡಿ ಸಿಮೆಂಟ್ ಕಟ್ಟೆ ಮಾಡಿ, ಬುಡಕ್ಕೆ ರಬ್ಬರ್ ಶೀಟ್ ಹಾಕಿ ನಿಲ್ಲಿಸಿ. ಮಳೆಗಾಲಕ್ಕೆ ಮೊದಲು ಒಳಗಡೆ ಗ್ರೀಸ್ ಸವರಿ, ಪ್ಲಾಸ್ಟಿಕ್ ಸುತ್ತಬೇಡಿ, ಸುತ್ತಿದರೆ ಒಳಗೇ ಬೆವರಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಸೂರಿನ ಅಡಿ, ಗಾಳಿ ಆಡುವ ಜಾಗ ಇದ್ದರೆ ಸಾಕು.